ಅಮ್ಮ ಗಾಳ ಹಾಕಿದ ಚಳಿಗಾಲ

ಆಗ ಒಮಾನಿನಲ್ಲಿ ವಾರದ ರಜೆ ಎಂದರೆ ಗುರುವಾರ, ಶುಕ್ರವಾರ. ಭಾನುವಾರ ಯೂನಿಫಾರ್ಮ್ ತೊಟ್ಟು ಶಾಲೆಗೆ ಹೋಗುವ ಮಕ್ಕಳು ನಾವು ಎಂದರೆ ಊರಿನಲ್ಲಿದ್ದ ದೊಡ್ಡಮ್ಮನ ಮಕ್ಕಳು ನಂಬುತ್ತಿರಲಿಲ್ಲ. ಫೋನ್ ಕಾರ್ಡಿನ ನಂಬರು ಕೆರೆದು, ಕಾರ್ಡು ಮುಗಿಯುವ ಮೊದಲು ಎಲ್ಲರ ಕ್ಷೇಮ ಕೇಳಿ ಮುಗಿಸಬೇಕಾಗಿದ್ದ ಕಾಲ. ನಮ್ಮ ಮನೆ ಅಲ್ ಗುಬ್ರಾದಲ್ಲಿ, ಮೂರನೆಯ ಮಹಡಿಯ ಫ್ಲ್ಯಾಟು. ಡಿಸೆಂಬರ್ ಬಂತೆಂದರೆ ವರ್ಷವಿಡೀ ಗುಂಯ್‌ಗುಡುತ್ತಿದ್ದ ಏಸಿ ನಿಲ್ಲುತ್ತಿತ್ತು. ಕಿಟಕಿಗಳು ತೆರೆಯುತ್ತಿದ್ದವು. ಕೆಳಗಿನ ಮಲಯಾಳಿ ಅಂಗಡಿಯ ಪರೋಟದ ವಾಸನೆ, ಏಲಕ್ಕಿ ಚಹಾದ ವಾಸನೆ, ಪಕ್ಕದ ಮನೆಯ ಕುಕ್ಕರಿನ ಸೀಟಿ ಎಲ್ಲ ಒಳಗೆ ಬರುತ್ತಿದ್ದವು. ನಾವು ಮಕ್ಕಳು ಪಾರ್ಕಿಂಗಿನ ಕಂಬಗಳ ನಡುವೆ ಚಾಕಿನಲ್ಲಿ ಮನೆ ಬರೆದು ಕುಂಟಾಬಿಲ್ಲೆ ಆಡುತ್ತಿದ್ದೆವು. ಯಾರದಾದರೂ ಕಾರು ಬಂದರೆ ಆಟ ಅಲ್ಲಿಗೆ ಖಲಾಸ್.

ನಾನು ಹೇಳಬೇಕೆಂದಿರುವ ಚಳಿಗಾಲದಲ್ಲಿ ನನಗೆ ಹತ್ತು ವರ್ಷ. ಆ ವರ್ಷ ಚಳಿ ಶುರುವಾಗುವ ಹೊತ್ತಿಗೆ ಊರಿನಲ್ಲಿ ಅಮ್ಮನ ಅಪ್ಪ ತೀರಿಕೊಂಡರು.

ಅಜ್ಜನ ಮನೆ ಮಲ್ಪೆಯ ಹತ್ತಿರ, ಕಡಲಿಗೆ ಬೆನ್ನು ಹಾಕಿದ ಮನೆ. ಅಜ್ಜ ಮೀನುಗಾರರು. ಸುದ್ದಿ ಬಂದಾಗ ಅಪ್ಪ ಕೆಲಸ ಬದಲಾಯಿಸುವ ನಡುವಿನಲ್ಲಿದ್ದರು. ಹಳೆಯ ಕಫೀಲ್, ಅಂದರೆ ವೀಸಾ ಕೊಟ್ಟ ಮಾಲೀಕ, ಇನ್ನೂ ಬಿಡುಗಡೆಯ ಕಾಗದಕ್ಕೆ ಸಹಿ ಹಾಕಿರಲಿಲ್ಲ. ನಮ್ಮೆಲ್ಲರ ಪಾಸ್‌ಪೋರ್ಟು ಆಫೀಸಿನ ಯಾವುದೋ ಕಪಾಟಿನಲ್ಲಿತ್ತು. ಅಪ್ಪ ಬೆಳಿಗ್ಗೆ ಹೋಗಿ ಸಂಜೆ ಬರಿಗೈಯಲ್ಲಿ ಬರುತ್ತಿದ್ದರು. ಪಾಸ್‌ಪೋರ್ಟು ಸಿಗುವ ಹೊತ್ತಿಗೆ ಊರಿನಲ್ಲಿ ಉತ್ತರಕ್ರಿಯೆಯ ಬೊಜ್ಜವೂ ಮುಗಿದಿತ್ತು.

"ಈಗಲಾದರೂ ಹೋಗಿ ಬಾ ಸುಜಾತ" ಎಂದರು ಅಪ್ಪ.

"ಇನ್ನು ಹೋಗಿ ಎಂತ ನೋಡ್ಲಿಕ್ಕುಂಟು?" ಎಂದಳು ಅಮ್ಮ. ಆಮೇಲೆ ಆ ವಿಷಯ ಎತ್ತಲಿಲ್ಲ. ಬೇರೆ ಮಾತೂ ಆಡಲಿಲ್ಲ.

ಅಮ್ಮ ಅಳಲಿಲ್ಲ. ನನ್ನ ಜಡೆ ಹೆಣೆದಳು, ಟಿಫಿನ್ ಕಟ್ಟಿದಳು, ಬಟ್ಟೆ ಒಣಗಿಸಿದಳು. ಆದರೆ ಮೀನು ಮಾಡುವುದನ್ನು ನಿಲ್ಲಿಸಿಬಿಟ್ಟಳು. ಮೀನಿಲ್ಲದೆ ಅನ್ನ ಇಳಿಯದ ಮನೆ ನಮ್ಮದು. ಒಮ್ಮೆ ಅಪ್ಪ ಬಂಗುಡೆ ತಂದರೆ, ಅವಳು ಅದನ್ನು ಕವರಿನ ಸಮೇತ ಫ್ರಿಜ್ಜಿನಲ್ಲಿಟ್ಟು ತೊವ್ವೆ ಮಾಡಿ ಬಡಿಸಿದಳು. ಅಪ್ಪ ಅದನ್ನೇ ಉಂಡು ಎದ್ದರು.

ಆ ದಿನಗಳಲ್ಲಿ ಶುಕ್ರವಾರ ಬೆಳಿಗ್ಗೆ ನನ್ನನ್ನು ಮನೆಯಿಂದ ಹೊರಗೆ ಕರೆದುಕೊಂಡು ಹೋಗುತ್ತಿದ್ದವರು ರಂಗನಾಥ ಅಂಕಲ್. ನಮ್ಮ ಕಟ್ಟಡದಲ್ಲೇ ಒಂಟಿಯಾಗಿದ್ದರು. ಮೈಸೂರಿನವರು. ಸಮುದ್ರದ ನೀರನ್ನು ಸಿಹಿನೀರು ಮಾಡುವ ಪ್ಲಾಂಟಿನಲ್ಲಿ ಇಂಜಿನಿಯರು. ಹೆಂಡತಿ, ಮಕ್ಕಳು ಮೈಸೂರಿನಲ್ಲೇ ಇದ್ದರು. ಅಂಕಲ್ ಶುದ್ಧ ಸಸ್ಯಾಹಾರಿ, ಮೊಟ್ಟೆ ಹಾಕಿದ ಕೇಕನ್ನೂ ತಿನ್ನದವರು. ಅಂಥವರಿಗೆ ಗಾಳ ಹಾಕುವ ಹುಚ್ಚು. ಹಿಡಿದ ಮೀನನ್ನು ಅಲ್ಲೇ ನೀರಿಗೆ ಬಿಟ್ಟು ಬರುತ್ತಿದ್ದರು. ಹಿಂದೊಮ್ಮೆ ಅಮ್ಮ ಕೇಳಿದ್ದಳು, "ತಿನ್ನದವರು ಹಿಡಿಯುವುದು ಯಾಕೆ ರಂಗನಾಥಣ್ಣ?"

"ಶುಕ್ರವಾರ ಇನ್ನೇನ್ ಮಾಡ್ಲಮ್ಮ? ಮನೇಲಿ ಗೋಡೆ ಜೊತೆ ಮಾತಾಡೋಕಾಗುತ್ತಾ?" ಎಂದಿದ್ದರು.

ಅವರ ಗಾಳಕ್ಕೆ ಸಿಗಡಿಯೂ ಬೇಡ, ಬೂತಾಯಿ ತುಂಡೂ ಬೇಡ. ತುದಿಯಲ್ಲಿ ಅಂಗೈಯುದ್ದದ ಒಂದು ಪ್ಲಾಸ್ಟಿಕ್ ಮೀನು. ನೀಲಿ ಬೆನ್ನು, ಬೆಳ್ಳಿಯ ಹೊಟ್ಟೆ, ಬಾಯಿಗೆ ಪಾರದರ್ಶಕವಾದ ಪುಟ್ಟ ನಾಲಗೆ, ಹೊಟ್ಟೆಯ ಕೆಳಗೆ ಮೂರು ಮುಳ್ಳಿನ ಕೊಕ್ಕೆಗಳು. ಅಲ್ಲಾಡಿಸಿದರೆ ಒಳಗಿನ ಗುಂಡುಗಳು ಗಲಗಲ ಎನ್ನುತ್ತಿದ್ದವು. ನಾನು ಅದಕ್ಕೆ ಸುಳ್ಳುಮೀನು ಎಂದು ಹೆಸರಿಟ್ಟಿದ್ದೆ. ಅದನ್ನು ದೂರ ಎಸೆದು, ಕೋಲನ್ನು ಚಕ್‌ಚಕ್ ಎಂದು ಎಳೆದರೆ ಅದು ಗಾಯಗೊಂಡ ಮೀನಿನಂತೆ ಅತ್ತಿತ್ತ ಹೊರಳುತ್ತದೆ. ಎಳೆಯುವುದನ್ನು ನಿಲ್ಲಿಸಿದರೆ ಮುಳುಗುವುದೂ ಇಲ್ಲ, ತೇಲುವುದೂ ಇಲ್ಲ. ನೀರಿನ ನಡುವೆ ಹಾಗೇ ನಿಂತುಬಿಡುತ್ತದೆ. ಈ ವಿದ್ಯೆಯನ್ನು ಅವರಿಗೆ ಹೇಳಿಕೊಟ್ಟವನು ಪ್ಲಾಂಟಿನಲ್ಲಿದ್ದ ಒಬ್ಬ ವಿದೇಶಿ. ಅವನ ಊರಿನ ಕೆರೆಗಳು ಚಳಿಗಾಲದಲ್ಲಿ ಮಂಜುಗಟ್ಟುವಷ್ಟು ತಣ್ಣಗಾಗುತ್ತವಂತೆ. ಅಲ್ಲಿ ಬಾಸ್ ಎಂಬ ಮೀನು ಹೀಗೇ ಬೀಳುತ್ತದಂತೆ. "ಆಫೀಸಿನಲ್ಲೂ ಬಾಸ್, ನೀರಿನಲ್ಲೂ ಬಾಸ್" ಎಂದು ಅಪ್ಪ ನಗುತ್ತಿದ್ದರು.

"ಎಳಿ, ಎಳಿ, ಬಿಡು. ಈಗ ಸುಮ್ನಿರು ಪುಟ್ಟಿ" ಎಂದು ಅಂಕಲ್ ನನಗೆ ಹೇಳಿಕೊಡುತ್ತಿದ್ದರು.

"ಹೌ ಲಾಂಗ್, ಅಂಕಲ್?"

"ನಿನಗೆ ಬೇಜಾರಾಗೋವರೆಗೂ. ಆಮೇಲೆ ಇನ್ನೂ ಸ್ವಲ್ಪ ಹೊತ್ತು. ನೀರು ತಣ್ಣಗಿದ್ದಾಗ ಮೀನಿಗೂ ಸೋಮಾರಿತನ. ಎದುರಿಗೆ ಬಂದಿದ್ದನ್ನ ನೋಡುತ್ತೆ, ಯೋಚನೆ ಮಾಡುತ್ತೆ, ಆಮೇಲೆ ಮನಸ್ಸು ಮಾಡುತ್ತೆ."

ಆ ಕಾಯುವಿಕೆಯೇ ನನಗೆ ಆಗದ ಕೆಲಸ. ಮೂಗು ತಣ್ಣಗಾಗುತ್ತಿತ್ತು, ಕಾಲ್ಬೆರಳು ಮರಳಿನಲ್ಲಿ ಹೂತುಹೋಗುತ್ತಿತ್ತು.

ಜನವರಿಯ ಒಂದು ಶುಕ್ರವಾರ ಅಪ್ಪ ಅಮ್ಮನಿಗೆ ಹೇಳಿದರು, "ನೀನೂ ಬಾ. ಇಳಿಯುವುದೇನೂ ಬೇಡ. ಕಾರಲ್ಲಿ ಕೂತುಕೋ, ಸಾಕು." ಏನನ್ನಿಸಿತೋ, ಅಮ್ಮ ಚೂಡಿದಾರಿನ ಮೇಲೆ ಶಾಲು ಹೊದ್ದು ಬಂದಳು. ಕಾರಿನಲ್ಲಿ ಕೂರಲಿಲ್ಲ. ಇಳಿದು ಬಂದು, ಕಲ್ಲಿನ ತಡೆಗೋಡೆಯ ಪಕ್ಕದ ಮರಳಿನಲ್ಲಿ ಮೊಣಕಾಲು ತಬ್ಬಿ ಕುಳಿತಳು. ಗಾಳಿಯಲ್ಲಿ ಒಣಮೀನಿನದೂ ದೋಣಿಯ ಡೀಸೆಲ್ಲಿನದೂ ಬೆರೆತ ವಾಸನೆಯಿತ್ತು. ಅವಳು ಅದನ್ನು ಉಸಿರೆಳೆದುಕೊಳ್ಳುತ್ತಿದ್ದುದು ನನಗೆ ಕಾಣುತ್ತಿತ್ತು.

ರಂಗನಾಥ ಅಂಕಲ್ ಸ್ವಲ್ಪ ಹೊತ್ತಿಗೆ ಅವಳ ಬಳಿ ಹೋಗಿ ಕೋಲು ಚಾಚಿ ನಿಂತರು.

"ಇದೆಲ್ಲ ನನಗೆ ಬರುವುದಿಲ್ಲ ಅಣ್ಣ" ಎಂದಳು ಅಮ್ಮ.

"ಮೀನುಗಾರರ ಮನೆ ಮಗಳಲ್ವೇನಮ್ಮ?"

"ಹೌದು. ಆದ್ರೆ ನಮ್ಮಲ್ಲಿ ಹೆಣ್ಣುಮಕ್ಕಳು ದೋಣಿ ಹತ್ತುವ ಹಾಗಿಲ್ಲ. ದಡಕ್ಕೆ ಬಂದ ಮೀನು ವಿಂಗಡಿಸಿದ್ದೇನೆ, ಉಪ್ಪು ಹಾಕಿದ್ದೇನೆ, ಬುಟ್ಟಿ ಹೊತ್ತಿದ್ದೇನೆ. ಹಿಡಿದದ್ದು ಮಾತ್ರ ಇಲ್ಲ. ಒಂದೂ ಇಲ್ಲ."

ಆ ತಿಂಗಳುಗಳಲ್ಲಿ ನಾನು ಅವಳ ಬಾಯಿಂದ ಕೇಳಿದ ಅತಿ ಉದ್ದದ ಮಾತು ಅದು. ಹೇಳಿ ಮುಗಿಸಿ ಅವಳು ಎದ್ದು ಕೋಲು ತೆಗೆದುಕೊಂಡಳು.

ಮೊದಲ ಎಸೆತ ಅವಳ ಕಾಲ ಬುಡದಲ್ಲೇ ಬಿತ್ತು. ಎರಡನೆಯದು ಹಿಂದಕ್ಕೆ ಹೋಗಿ ಶಾಲಿಗೆ ಸಿಕ್ಕಿಕೊಂಡಿತು. ಅಂಕಲ್ ಮತ್ತು ನಾನು ಸೇರಿ ಬಿಡಿಸಿದೆವು. ಅವತ್ತು ಏನೂ ಬೀಳಲಿಲ್ಲ. ಮುಂದಿನ ಶುಕ್ರವಾರ ಯಾರೂ ಕರೆಯದೆಯೇ ಅಮ್ಮ ತಯಾರಾಗಿ ನಿಂತಿದ್ದಳು, ಫ್ಲಾಸ್ಕಿನಲ್ಲಿ ಚಹಾ ತುಂಬಿಕೊಂಡು.

ಆ ಶುಕ್ರವಾರಗಳಲ್ಲಿ ಅಮ್ಮ ಮಾತಾಡತೊಡಗಿದಳು. ನಮ್ಮ ಕಡೆ ನೋಡಿ ಅಲ್ಲ, ನೀರನ್ನು ನೋಡುತ್ತ. ಎರಡು ಸಲ ಎಳೆಯುವಳು, ನಿಲ್ಲಿಸುವಳು. ಸುಳ್ಳುಮೀನು ನೀರಿನ ಒಳಗೆಲ್ಲೋ ಅಲುಗದೆ ನಿಂತಿರುವ ಆ ಹೊತ್ತಿನಲ್ಲಿ ಅಜ್ಜನ ಬಗ್ಗೆ ಒಂದು ಮಾತು ಹೇಳುವಳು. "ಮಳೆಗಾಲದಲ್ಲಿ ಕೆಲಸ ಇರಲಿಲ್ಲ. ಅಂಗಳದಲ್ಲಿ ಕೂತು ಬಲೆ ಹೊಲಿಯುತ್ತಿದ್ದರು." ಮತ್ತೆ ಎಳೆತ, ಮತ್ತೆ ನಿಲುಗಡೆ. "ನನ್ನನ್ನು ಎದುರು ಕೂರಿಸಿ ಬಾಯಿಪಾಠ ಒಪ್ಪಿಸಲಿಕ್ಕೆ ಹೇಳ್ತಿದ್ರು. ಅವರಿಗೆ ಓದ್ಲಿಕ್ಕೆ ಬರ್ತಿರಲಿಲ್ಲ. ನಾನು ತಪ್ಪು ಹೇಳಿದ್ರೂ ತಲೆ ಆಡಿಸ್ತಿದ್ರು." ಇನ್ನೊಂದು ಎಳೆತ. "ಮದುವೆಯಾಗಿ ವಿಮಾನ ಹತ್ತುವಾಗ ಕೇಳಿದ್ರು, ಅಲ್ಲಿಯೂ ಇದೇ ಕಡಲಲ್ವಾ ಅಂತ. ಹೌದು ಅಂದೆ. ಹಾಗಾದ್ರೆ ತೊಂದರೆ ಇಲ್ಲ ಅಂದ್ರು."

ಅಪ್ಪ ನಮ್ಮ ಹಿಂದೆ ಕಾರಿಗೊರಗಿ ನಿಂತಿರುತ್ತಿದ್ದರು. ನನ್ನ ಅಜ್ಜನನ್ನು ನಾನು ರಜೆಗಳಲ್ಲಿ ಕಂಡದ್ದು ಕಡಿಮೆ. ಅವರು ನನಗೆ ಪರಿಚಯವಾದದ್ದು ಗುಬ್ರಾದ ಆ ದಡದಲ್ಲಿ, ಹೀಗೆ ತುಂಡು ತುಂಡಾಗಿ.

ಫೆಬ್ರವರಿ ಬಂತು. ಅವತ್ತು ನೀರು ಬಹಳ ತಣ್ಣಗಿತ್ತು. ರಾತ್ರಿಯಿಡೀ ಮಳೆ ಬಂದು ವಾದಿ ಎನ್ನುವ ಒಣಹಳ್ಳದ ನೀರು ಕಡಲಿಗೆ ಸೇರಿ ದಡದುದ್ದಕ್ಕೂ ಮಣ್ಣಿನ ಬಣ್ಣವಿತ್ತು. ಅಮ್ಮ ಕಲ್ಲುಗಳ ಪಕ್ಕಕ್ಕೆ ಎಸೆದಳು. ಎಳೆದಳು, ನಿಲ್ಲಿಸಿದಳು. ಎಷ್ಟೋ ಹೊತ್ತು ಹಾಗೇ ನಿಂತಳು. ನನಗೆ ಬೇಜಾರಾಗಿ ಆಕಳಿಸಿದೆ. ಆಗ ಕೋಲಿನ ತುದಿ ಬಗ್ಗಿತು. ಮೆಲ್ಲಗೆ, ಯಾರೋ ನೀರಿನೊಳಗಿಂದ ಕೈಹಿಡಿದು ಎಳೆದ ಹಾಗೆ. ಮರುಕ್ಷಣ ರೀಲು ಕಿರ್ರೆಂದು ಬಿಚ್ಚತೊಡಗಿತು.

"ಕಲ್ಲಿನ ಕಡೆ ಹೋಗೋಕೆ ಬಿಡ್ಬೇಡಮ್ಮ. ದಾರ ತುಂಡಾಗುತ್ತೆ" ಎಂದರು ಅಂಕಲ್.

ಅಮ್ಮ ನೀರಿಗೆ ಇಳಿದಳು. ಪಾದ, ಮೊಣಕಾಲು, ಸೊಂಟ. ಚಳಿಗೆ ಅವಳ ದವಡೆ ನಡುಗುತ್ತಿತ್ತು. ಮೀನು ಎಳೆದಾಗ ದಾರ ಬಿಟ್ಟಳು, ಅದು ಸೋತಾಗ ಸುತ್ತಿಕೊಂಡಳು. ಬಾಯಲ್ಲಿ ಮಾತ್ರ ಒಂದೇ ಮಾತು, ತುಳುವಿನಲ್ಲಿ, ಮಗುವನ್ನು ಕರೆಯುವ ಹಾಗೆ: "ಬಲ ಮಗ, ಮೆಲ್ಲ ಬಲ." ಬಾ ಮಗ, ಮೆಲ್ಲನೆ ಬಾ.

ಬಂದದ್ದು ಇಲ್ಲಿಯವರು ಹಮೂರ್ ಎನ್ನುವ, ನಮ್ಮವರು ಮುರು ಎನ್ನುವ ಮೀನು. ಕಂದು ಮೈ, ದಪ್ಪ ತುಟಿ, ನನ್ನ ತೋಳಿನಷ್ಟು ಉದ್ದ. ಅಂಕಲ್ ಕೊಕ್ಕೆ ಬಿಡಿಸಿ ಕೇಳಿದರು, "ಬಿಟ್ಬಿಡೋಣವೇನಮ್ಮ?"

ಅಮ್ಮ ಒದ್ದೆ ಮರಳಿನ ಮೇಲೆ ಕುಳಿತಿದ್ದಳು. "ಬೇಡ ಅಣ್ಣ" ಎಂದಳು. "ನನ್ನ ಅಪ್ಪನಿಗೆ ಬಡಿಸ್ಬೇಕು." ಅಷ್ಟು ಹೇಳಿ ಅತ್ತಳು. ಶಬ್ದ ಮಾಡಿ, ಹೊಟ್ಟೆ ಹಿಡಿದುಕೊಂಡು ಅತ್ತಳು. ನಾನು ಹೆದರಿ ಅಂಕಲ್ ಕೈ ಹಿಡಿದೆ. ಅವರು ಕಡಲಿನ ಕಡೆ ಮುಖ ಮಾಡಿ, ನನ್ನನ್ನೂ ಮೆಲ್ಲನೆ ಅತ್ತ ತಿರುಗಿಸಿದರು.

ಅವತ್ತು ಮಧ್ಯಾಹ್ನ ಮನೆಯಲ್ಲಿ ಹುರಿದ ಕೊತ್ತಂಬರಿ, ಮೆಣಸು, ತೆಂಗಿನಕಾಯಿ ಅರೆದ ವಾಸನೆ ತುಂಬಿತು. ಬಾಳೆಲೆ ಸಿಗಲಿಲ್ಲ. ಸ್ಟೀಲ್ ತಟ್ಟೆಯಲ್ಲೇ ಅನ್ನ, ಮುರುವಿನ ಗಸಿ, ಹುರಿದ ತುಂಡು ಬಡಿಸಿ, ದೀಪ ಹಚ್ಚಿ, ಅಡುಗೆಮನೆಯ ಬಾಗಿಲು ಮುಂದೆ ಮಾಡಿ ಅಮ್ಮ ಹೊರಗೆ ಬಂದಳು. ಊರಿನಲ್ಲಿ ತೀರಿಕೊಂಡವರಿಗೆ ಬಡಿಸುವುದು ಹೀಗೆಯೇ. ಅವರು ಉಣ್ಣುವಾಗ ಯಾರೂ ನೋಡಬಾರದು. ಅಪ್ಪ, ನಾನು, ರಂಗನಾಥ ಅಂಕಲ್ ಹಾಲ್‌ನಲ್ಲಿ ಕೈಮುಗಿದು ನಿಂತಿದ್ದೆವು. ಮೀನಿನ ವಾಸನೆಯನ್ನು ಅಂಕಲ್ ಹೇಗೆ ತಡೆದುಕೊಂಡರೋ ತಿಳಿಯದು. ಆಮೇಲೆ ಅವರು ನಮ್ಮ ಜೊತೆಯೇ ಕುಳಿತು ಮೊಸರನ್ನ, ಉಪ್ಪಿನಕಾಯಿ ಉಂಡರು. ಅಮ್ಮ ಮುರುವಿನ ತಲೆಯ ಭಾಗವನ್ನು ತಾನೇ ಹಾಕಿಕೊಂಡು, ಮುಳ್ಳು ಬಿಡಿಸಿ ಬಿಡಿಸಿ ತಿಂದಳು.

ಮಾರ್ಚಿನ ಹೊತ್ತಿಗೆ ಕಿಟಕಿಗಳು ಮತ್ತೆ ಮುಚ್ಚಿದವು. ಮುಂದಿನ ವರ್ಷ ಅಂಕಲ್‌ಗೆ ಸೊಹಾರಿನಲ್ಲಿ ಕೆಲಸವಾಯಿತು. ಅಲ್ಲಿಂದ ಅವರು ಮೈಸೂರಿಗೆ ಮರಳಿದರು. ನಾವು ಅಲ್ ಮಬೇಲಾಕ್ಕೆ ಮನೆ ಬದಲಾಯಿಸಿದೆವು. ಮತ್ತೆ ಒಟ್ಟಾಗಿ ಗಾಳ ಹಾಕಲು ಹೋದದ್ದಿಲ್ಲ.

ಈಗ ನಾನೇ ಮಸ್ಕತ್ತಿನಲ್ಲಿ ಸಂಸಾರ ಹೂಡಿದ್ದೇನೆ. ಕಳೆದ ಚಳಿಗಾಲ ಮಗಳನ್ನು ಕರೆದುಕೊಂಡು ಆ ದಡಕ್ಕೆ ಹೋದೆ. ನಡೆದಾಡಲು ಕಲ್ಲುಹಾಸು ಬಂದಿದೆ, ಸಾಲು ದೀಪಗಳಿವೆ, ಕಾಫಿ ಅಂಗಡಿಗಳಿವೆ. ನೀರಿಗೆ ಕಾಲಿಟ್ಟು ನೋಡಿದೆ. ನನಗೆ ನೆನಪಿದ್ದಷ್ಟು ತಣ್ಣಗಿರಲಿಲ್ಲ. ಅಲ್ಲಿಂದಲೇ ಸುರತ್ಕಲ್ಲಿನಲ್ಲಿ, ಆಮೇಲೆ ಹುಟ್ಟಿದ ನನ್ನ ತಮ್ಮನ ಮನೆಯಲ್ಲಿರುವ ಅಮ್ಮನಿಗೆ ಫೋನು ಮಾಡಿದೆ. ಅಪ್ಪ ಹೋಗಿ ಆಗಷ್ಟೇ ವರ್ಷ ತುಂಬಿತ್ತು.

"ಅವತ್ತು ನೀನು ಹಿಡಿದ ಮುರು ಎಷ್ಟು ದೊಡ್ಡದಿತ್ತಮ್ಮ?" ಎಂದು ಕೇಳಿದೆ.

"ಮೀನಿನದ್ದು ಯಾರಿಗೆ ನೆನಪುಂಟು" ಎಂದಳು ಅಮ್ಮ. "ನನಗೆ ನೆನಪಿರುವುದು ನಿನ್ನ ಅಪ್ಪ. ನಾನು ನೀರಿಗೆ ಇಳಿದಾಗ ಚಪ್ಪಲಿ ತೆರೆಗೆ ಹೋಗ್ತಿತ್ತು. ಅವರು ಓಡಿ ಬಂದು ಹೆಕ್ಕಿ, ಎರಡನ್ನೂ ಎದೆಗೆ ಹಿಡ್ಕೊಂಡು ನಿಂತಿದ್ರು. ಅಳ್ತಾ ಇದ್ರು. ಅವತ್ತು ನನಗಿಂತ ಮೊದಲು ಅತ್ತದ್ದು ಅವರು. ನೀನು ನೋಡಿಲ್ವಾ?" ಎಂದಳು.

ನಾನು ನೋಡಿರಲಿಲ್ಲ. ಆ ಬೆಳಗನ್ನು ಎಷ್ಟೋ ಸಲ ನೆನೆದಿದ್ದೇನೆ, ಗೆಳತಿಯರಿಗೆ ಹೇಳಿದ್ದೇನೆ, ಮಗಳಿಗೆ ಕತೆ ಮಾಡಿ ಹೇಳಿದ್ದೇನೆ. ಪ್ರತಿ ಸಲವೂ ನನ್ನ ಕಣ್ಣು ನೀರಿನ ಮೇಲೆಯೇ. ನನ್ನ ಬೆನ್ನ ಹಿಂದೆ, ಕೆಲವೇ ಹೆಜ್ಜೆ ಆಚೆ, ಅಮ್ಮನ ಒದ್ದೆ ಚಪ್ಪಲಿ ಅವುಚಿಕೊಂಡು ಅಪ್ಪ ನಿಂತಿದ್ದರು. ಒಮ್ಮೆ ತಿರುಗಿದ್ದರೆ ಕಾಣುತ್ತಿದ್ದರು.