ಟೈಟನ್ನಿನ ಹುಡುಗಿಯರು ಮತ್ತು ಮೋಹಿನಿ ಟೀಚರು

ಪುಸ್ತಕ ಅರ್ಧ ಮುಗಿಯುವವರೆಗೂ ಮೋಹಿನಿ ಟೀಚರಿಗೆ ಸಿಟ್ಟು ಬಂದದ್ದು ಗುರುತ್ವಾಕರ್ಷಣೆಯ ವಿಷಯದಲ್ಲಿ ಮಾತ್ರ. ಕಥೆ ನಡೆಯುವುದು ಶನಿಗ್ರಹದ ಉಪಗ್ರಹ ಟೈಟನ್ನಿನಲ್ಲಿ. ಅಲ್ಲಿನ ಸೆಳೆತ ಭೂಮಿಯದರ ಏಳನೇ ಒಂದು ಪಾಲು. ಹಾಗಿದ್ದೂ ಕಥೆಯಲ್ಲಿ ಕೈಜಾರಿದ ಲೋಟ ಕಣ್ಣುಮುಚ್ಚಿ ತೆರೆಯುವುದರೊಳಗೆ ನೆಲಕ್ಕಪ್ಪಳಿಸಿ ಚೂರಾಗುತ್ತದೆ. ಟೀಚರು ಪೆನ್ಸಿಲಿನಿಂದ ಗೀಟೆಳೆದು ಬದಿಯಲ್ಲಿ 'ತಪ್ಪು' ಎಂದು ಬರೆದರು. ಗ್ರಂಥಾಲಯದ ಪುಸ್ತಕ ಎಂಬುದೂ ನೆನಪಾಗಲಿಲ್ಲ.

ಸೀತಾಂಗೋಳಿಯ ಹತ್ತಿರದ ಕನ್ನಡ ಮಾಧ್ಯಮ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು ಅವರು. ಗಂಡ ತೀರಿಕೊಂಡ ಮೇಲೆ ಪೇಟೆಯ ಹಿಂದಿನ ಸಣ್ಣ ಮನೆಯಲ್ಲಿ ಅಣ್ಣ ಪುರುಷೋತ್ತಮನ ಜೊತೆ ಇದ್ದಾರೆ. ಅಣ್ಣ ಕಾಸರಗೋಡು–ಮಂಗಳೂರು ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು, ಮದುವೆಯಾಗದವರು. ಊರಿನ ಗ್ರಂಥಾಲಯದಲ್ಲಿ ತಿಂಗಳಿಗೊಮ್ಮೆ ಯಾರಾದರೂ ಒಂದು ಪುಸ್ತಕದ ಬಗ್ಗೆ ಮಾತಾಡುವ ಕ್ರಮವಿದೆ. ಈ ಸಲ ಗ್ರಂಥಪಾಲಕಿ ರಶ್ಮಿತಾ, ಇಂಗ್ಲಿಷಿನಿಂದ ಅನುವಾದವಾದ ಈ ಕಾದಂಬರಿಯನ್ನು ಟೀಚರ ಕೈಗಿಟ್ಟಿದ್ದಳು. "ಹೈಸ್ಕೂಲಿನ ಮಕ್ಕಳಿಗೆ ಅಂತ ಬಂದದ್ದು ಟೀಚರೇ. ಸಯನ್ಸ್ ಅಲ್ವಾ, ನೀವೇ ಹೇಳಿದರೆ ಚಂದ."

ಅರ್ಧ ದಾಟಿದ ಮೇಲೆ ಟೈಟನ್ನಿನ ವಸಾಹತಿನ ಗಾಜಿನ ಗುಮ್ಮಟ ಬಿರುಕು ಬಿಡುತ್ತದೆ. ಲೂಮಾ ಎಂಬ ಹುಡುಗಿ ಜೀವದ ಹಂಗು ತೊರೆದು ಹೊರಗೆ ಹೋಗಿ ಅದನ್ನು ಸರಿಮಾಡಿ ಬರುತ್ತಾಳೆ. ಬಾಗಿಲಲ್ಲಿ ಕಾಯುತ್ತಿದ್ದ ಗೆಳತಿ ಆರಿ ಅವಳ ಶಿರಸ್ತ್ರಾಣ ತೆಗೆದು ತುಟಿಗೆ ಮುತ್ತಿಡುತ್ತಾಳೆ.

ಟೀಚರು ಪುಸ್ತಕವನ್ನು ಪಟ್ಟನೆ ಮುಚ್ಚಿದರು. ಮನೆಯಲ್ಲಿ ಯಾರೂ ಇರಲಿಲ್ಲ, ಆದರೂ ಎದ್ದು ಹೋಗಿ ಕಿಟಕಿಯ ಪರದೆ ಎಳೆದರು. ಇನ್ನೊಮ್ಮೆ ತೆರೆದು ಓದಿದರು. ಸರಿಯಾಗಿಯೇ ಓದಿದ್ದರು.

ಓದದೆ ಬೈಯುವುದು ಅವರ ಜಾಯಮಾನವಲ್ಲ. ಹಲ್ಲುಕಚ್ಚಿ ಮುಂದುವರಿಸಿದರು. ಈಗ ಆರಿಯ ತಾಯಿಗೆ ತಿಳಿಯುತ್ತದೆ, ರಂಪವಾಗುತ್ತದೆ, ಹುಡುಗಿಯರಿಗೆ ಬುದ್ಧಿ ಬರುತ್ತದೆ ಎಂದು ಕಾದರು. ತಾಯಿಗೆ ತಿಳಿಯಿತು. ಅವಳು ಕೇಳಿದ್ದು ಒಂದೇ ಮಾತು: "ಲೂಮಾ ಇವತ್ತು ಊಟಕ್ಕೆ ಬರುತ್ತಾಳಾ?" ಅಷ್ಟೇ. ಮುಂದಿನ ಪುಟದಲ್ಲಿ ಎಲ್ಲರೂ ಗುಮ್ಮಟದ ಕೆಲಸಕ್ಕೆ ಹೊರಟುಹೋದರು.

ಮುತ್ತಿಗಿಂತಲೂ ದೊಡ್ಡ ಆಘಾತ ಅದು. ಮರುದಿನ ಬೆಳಿಗ್ಗೆ ಜಗಲಿಯಲ್ಲಿ ಚಾ ಕುಡಿಯುವಾಗಲೂ ಅದು ಇಳಿದಿರಲಿಲ್ಲ.

"ಎಂತ ಪುಸ್ತಕ ಅಣ್ಣ ಇದು! ಇಬ್ಬರು ಹುಡುಗಿಯರು ಗಂಡ–ಹೆಂಡತಿಯ ಹಾಗೆ! ಒಂದು ಇಡೀ ಉಪಗ್ರಹದಲ್ಲಿ ಒಬ್ಬರಾದರೂ 'ಅಯ್ಯೋ' ಅನ್ನಬೇಡವಾ? ತಾಯಿ ಊಟ ಬಡಿಸುತ್ತಾಳಂತೆ! ಇದನ್ನು ಮಕ್ಕಳ ಕಪಾಟಿನಲ್ಲಿ ಇಡಬಾರದು ಅಂತ ಭಾನುವಾರ ಹೇಳಿಯೇ ಹೇಳುತ್ತೇನೆ. ನಮ್ಮ ಕಡೆ ಇಂಥವರು ಎಲ್ಲಿದ್ದಾರೆ ಹೇಳು?"

ಪುರುಷೋತ್ತಮ ಖಾಲಿ ಗ್ಲಾಸನ್ನು ಕೆಳಗಿಟ್ಟರು.

"ಇದ್ದಾರೆ ಮೋಹಿನಿ. ನಿನಗೆ ದಿನಾ ಬೆಳಿಗ್ಗೆ ಚಾ ಮಾಡಿ ಕೊಡುತ್ತಾನೆ."

ಟೀಚರಿಗೆ ಮೊದಲು ಅರ್ಥವಾಗಲಿಲ್ಲ. ಚಾ ಮಾಡುವುದು ಯಾರು? ಅಣ್ಣ. ಅಣ್ಣನ ಮುಖ ನೋಡಿದರು. ಆ ಮುಖದಲ್ಲಿ ತಮಾಷೆ ಇರಲಿಲ್ಲ.

"ಮುದ್ದಣ್ಣ," ಎಂದರು ಪುರುಷೋತ್ತಮ. "ನಮ್ಮ ಬಸ್ಸಿನ ಡ್ರೈವರ್."

ಮಂಜೇಶ್ವರದ ಮುದ್ದಣ್ಣ. ಈ ಮನೆಗೆ ಎಷ್ಟೋ ಸಲ ಬಂದು ಹೋದ ಮನುಷ್ಯ. ಹೆಂಡತಿ ಮಕ್ಕಳಿದ್ದ ಮನುಷ್ಯ. ಕಳೆದ ವರ್ಷ ಹೃದಯಾಘಾತದಿಂದ ತೀರಿಕೊಂಡಿದ್ದ. ಆಗ ಅಣ್ಣ ಊಟ ಬಿಟ್ಟು ಮಲಗಿದ್ದನ್ನು ಗ್ಯಾಸ್ಟ್ರಿಕ್ ಎಂದುಕೊಂಡು ಟೀಚರು ಜೀರಿಗೆ ಕಷಾಯ ಮಾಡಿ ಕೊಟ್ಟಿದ್ದರು.

"ಮತ್ತೆ ನಾನು ನಿನಗೆ ಹೆಣ್ಣು ಹುಡುಕಿದ್ದು?" ಟೀಚರು ಕೇಳಿದರು. "ಪೆರ್ಲ, ಬದಿಯಡ್ಕ ಅಂತ ಊರೂರು ಸುತ್ತಿದ್ದು? ನೀನೂ ಬಂದೆಯಲ್ಲ!"

"ನೀನು ಕರೆದೆ, ಬಂದೆ. ಅವಲಕ್ಕಿ ತಿಂದೆ. ಜಾತಕ ಕೂಡುವುದಿಲ್ಲ ಅಂತ ಜೋಯಿಸರ ಹತ್ತಿರ ಹೇಳಿಸಿದೆ."

"ಹೇಳಿಸಿದೆಯಾ? ಹಾಗಾದರೆ ಜೋಯಿಸರಿಗೆ..."

"ಅವರಿಗೆ ಗೊತ್ತಿತ್ತು."

ಜೋಯಿಸರಿಗೆ ಗೊತ್ತಿತ್ತು! ಒಂದೇ ತಟ್ಟೆಯಲ್ಲಿ ಉಂಡು ಬೆಳೆದ ತಂಗಿಗೆ ಗೊತ್ತಿರಲಿಲ್ಲ. ಎಲ್ಲಕ್ಕಿಂತ ಆಳಕ್ಕೆ ಇಳಿದದ್ದು ಈ ಮಾತು.

"ನನಗೆ ಯಾಕೆ ಹೇಳಲಿಲ್ಲ?"

"ಹೆದರಿಕೆ," ಎಂದರು ಅಣ್ಣ. "ನೀನು ತಪ್ಪು ಕಂಡಲ್ಲಿ ಗೀಟು ಹಾಕುವವಳು."

ಟೀಚರು ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಆ ದಿನ ಮಾತಿಲ್ಲ. ಮರುದಿನವೂ ಇಲ್ಲ. ಅಣ್ಣ ಚಾ ಮಾಡಿ ಮೇಜಿನ ಮೇಲಿಟ್ಟು ಹೋಗುತ್ತಿದ್ದರು. ಅದು ತಣ್ಣಗಾದ ಮೇಲೆ ಇವರು ಕುಡಿಯುತ್ತಿದ್ದರು. ಒಮ್ಮೆ ಅಣ್ಣನ ಮೇಲೆ ಸಿಟ್ಟು, ಒಮ್ಮೆ ಸತ್ತ ಮುದ್ದಣ್ಣನ ಮೇಲೆ. ಮತ್ತೊಮ್ಮೆ, ಬೇಡ ಎಂದವನನ್ನು ಮನೆಮನೆಗೆ ಕರೆದೊಯ್ದು ಹುಡುಗಿಯರ ಮುಂದೆ ಕೂರಿಸಿದ ತನ್ನ ಮೇಲೆಯೇ.

ಭಾನುವಾರ ಮಧ್ಯಾಹ್ನ ಗ್ರಂಥಾಲಯದ ಹಾಲ್ ತುಂಬಿತ್ತು. ಟೀಚರು ಎದ್ದು ನಿಂತು ಟೈಟನ್ನಿನ ಸೆಳೆತ, ಅಲ್ಲಿನ ದಪ್ಪ ಗಾಳಿ, ಮೀಥೇನಿನ ಮಳೆಯ ಬಗ್ಗೆ ತುಂಬ ಹೊತ್ತು ಹೇಳಿದರು. ಆಮೇಲೆ ನಿಲ್ಲಿಸಿ ನೀರು ಕುಡಿದರು.

"ಇದರಲ್ಲಿ ಇಬ್ಬರು ಹುಡುಗಿಯರು ಒಬ್ಬರನ್ನೊಬ್ಬರು ಪ್ರೀತಿಸುತ್ತಾರೆ. ಸುಳ್ಳು ಯಾಕೆ ಹೇಳಲಿ, ನನಗೆ ಶಾಕ್ ಆಯಿತು. ಪುಸ್ತಕ ಮುಚ್ಚಿಯೇ ಬಿಟ್ಟೆ. ಮತ್ತೆ ಆ ತಾಯಿಯನ್ನು ನೋಡಿ ಇನ್ನೂ ಶಾಕ್ ಆಯಿತು. ಮಗಳ ಬಗ್ಗೆ ಇಂಥದ್ದು ತಿಳಿದಾಗ ಹೀಗೂ ಮಾತಾಡಬಹುದು ಅಂತ ನನಗೆ ಯಾರೂ ಕಲಿಸಿಕೊಟ್ಟಿಲ್ಲ. ನಾನೂ ಯಾರಿಗೂ ಕಲಿಸಲಿಲ್ಲ."

ಗ್ರಂಥಾಲಯದ ಅಧ್ಯಕ್ಷ ವೆಂಕಟಕೃಷ್ಣ ಕೈ ಎತ್ತಿದರು. "ಅಲ್ಲ ಟೀಚರೇ, ಇದನ್ನು ಮಕ್ಕಳ ಕಪಾಟಿನಲ್ಲಿ ಇಡುವುದಾ?"

"ಇಡಿ," ಎಂದರು ಟೀಚರು. "ನನಗೆ ಇನ್ನೂ ಪೂರ್ತಿ ಸಮಾಧಾನ ಇಲ್ಲ. ಆದರೂ ಇಡಿ. ಯಾವ ಮಗುವಿಗೆ ಬೇಕಾಗಿ ಉಂಟು ಅಂತ ನಮಗೆ ಗೊತ್ತಾಗುವುದಿಲ್ಲ."

ಹಿಂದಿನ ಸಾಲಿನಲ್ಲಿ ಇಬ್ಬರು ಎದ್ದು ಹೊರಗೆ ಹೋದರು. ಕಪಾಟಿನ ಪಕ್ಕ ನಿಂತಿದ್ದ ರಶ್ಮಿತಾ ಕಣ್ಣೊರೆಸಿಕೊಂಡದ್ದನ್ನು ಟೀಚರು ನೋಡಿದರು. ಯಾಕೆ ಎಂದು ಕೇಳಲಿಲ್ಲ.

ಮುಂದಿನ ವಾರ ಮುದ್ದಣ್ಣನ ವರ್ಷಾಂತಿಕ. ಪುರುಷೋತ್ತಮ ಬಿಳಿ ಅಂಗಿ ಹಾಕಿ ಹೊರಡುವಾಗ ಟೀಚರೂ ಸೀರೆ ಉಟ್ಟು ಬಂದು ಮೆಟ್ಟಿಲ ಬಳಿ ನಿಂತಿದ್ದರು. "ನಾನೂ ಬರುತ್ತೇನೆ," ಎಂದರು.

ಮಂಜೇಶ್ವರದ ಮನೆಯಲ್ಲಿ ಮುದ್ದಣ್ಣನ ಹೆಂಡತಿ ಅನ್ನಪೂರ್ಣೇಶ್ವರಿ ಬಾಗಿಲಿಗೆ ಬಂದು ಟೀಚರ ಕೈ ಹಿಡಿದುಕೊಂಡರು.

"ಪುರುಷೋತ್ತಮಣ್ಣನ ತಂಗಿಯಾ? ಬನ್ನಿ, ಒಳಗೆ ಬನ್ನಿ. ಇವರು ನಿಮ್ಮ ಅಣ್ಣನ ಹೆಸರು ಎತ್ತದ ದಿನವೇ ಇರಲಿಲ್ಲ." ಆಮೇಲೆ ದನಿ ತಗ್ಗಿಸಿ, "ನಾನು ಮೊದಮೊದಲು ತುಂಬ ಜಗಳ ಮಾಡಿದ್ದೆ," ಎಂದರು.

ಟೀಚರಿಗೆ ಎಲ್ಲಿ ನೋಡುವುದೆಂದು ತಿಳಿಯಲಿಲ್ಲ. ಅಂಗಳದ ಚಪ್ಪರದ ಕೆಳಗೆ ಅಣ್ಣ ಆಗಲೇ ಮುದ್ದಣ್ಣನ ಮಗನ ಜೊತೆ ಬಾಳೆಲೆ ಹಾಸತೊಡಗಿದ್ದರು. ಆ ಹೆಂಗಸಿನ ಕೈ ಬಿಡದೆ, ಟೀಚರು ಅಲ್ಲಿಯೇ ನಿಂತಿದ್ದರು.