ಅಂದಾನಪ್ಪನವರ ನೆರಳು

ಟಿ.ಬಿ. ಡ್ಯಾಮಿನ ಗೇಟು ಎತ್ತಿ ಇಳಿಸಿಯೇ ನಿವೃತ್ತರಾದ ಅಂದಾನಪ್ಪನವರಿಗೆ ಪದ್ಯವೆಂದರೂ ಕಾಲುವೆಯ ವರದಿಯೇ. ಹೆಂಡತಿ ನೀಲಗಂಗಮ್ಮ ತಾವು ಬರೆದ 'ಕಣ್ಣೀರು ಹೊಳೆಯಾಯಿತು' ಎಂಬ ಸಾಲನ್ನು ಓದಿದರೆ, "ಎಷ್ಟು ಕ್ಯೂಸೆಕ್? ಹೊಳಿ ಕೆಳಗಿನ ಕಂಪ್ಲಿ ಮಂದಿಗೆ ಮೊದ್ಲ ಹೇಳ್ಬೇಕಲ್ಲ!" ಎಂದು ಗಾಬರಿಯಾಗುತ್ತಾರೆ. 'ಎದೆ ಉರಿಯಿತು' ಎಂದರೆ ಸಂಡೂರಿನ ಗುಡ್ಡ ಮುಳುಗುವಷ್ಟು ಮಜ್ಜಿಗೆ ತರುತ್ತಾರೆ. ಒಮ್ಮೆಯಾದರೂ ಗಂಡನಿಗೆ ತನ್ನ ಪದ್ಯ ತಿಳಿಯಲಿ ಎಂಬುದೊಂದೇ ಆಕೆಯ ಆಸೆ. ಒಂದು ದಿನ 'ನಿಮ್ಮ ನೆರಳೇ ನನಗೆ ತಂಪು' ಎಂದು ಅವರಿಗಾಗಿಯೇ ಬರೆದು ಓದಿದರು. ಅಂದಾನಪ್ಪನವರು ತಿಳಿದವರಂತೆ ತಲೆಯಾಡಿಸಿದರು. ಅಂದಿನಿಂದ ಹೊಸಪೇಟೆಯ ಬಿಸಿಲಲ್ಲಿ ಬಸ್ಸಿಗೆ ಕಾಯುವಾಗಲೆಲ್ಲ, ಕಲ್ಲಿನ ಮೇಲೆ ಕೂತ ಹೆಂಡತಿಯ ಮುಂದೆ ಧೋತರದ ಚುಂಗು ಅಗಲಿಸಿಕೊಂಡು, ಸೂರ್ಯ ಸರಿದಂತೆ ತಾವೂ ಸರಿಯುತ್ತ ನಿಲ್ಲುತ್ತಾರೆ. "ಪದ್ಯದ ಅರ್ಥ ಅದಲ್ರೀ" ಎನ್ನಲು ಬಾಯಿ ತೆರೆಯುವ ನೀಲಗಂಗಮ್ಮ, ಬೆವರಿಳಿಯುವ ಆ ಮುಖ ನೋಡಿ, "ಇನ್ನೊಂಚೂರು ಈ ಕಡಿ ಬರ್ರಿ, ಪಾದಕ್ಕ ಬಿಸಿಲು ಬೀಳ್ತೈತಿ" ಎನ್ನುತ್ತಾರೆ.