ಉಳಿದ ಪಾಲು

ಮೊನ್ನೆ ಮಸ್ಕಿಯಲ್ಲಿ ಮಗಳ ಕಬಡ್ಡಿ ಪಂದ್ಯ ನೋಡಲು ಹೋಗಿದ್ದೆ. ಅಂಕಣಕ್ಕೆ ಆಗಷ್ಟೇ ನೀರು ಚಿಮುಕಿಸಿ ಸುಣ್ಣದ ಗೆರೆ ಎಳೆದಿದ್ದರು. ಆ ಹಸಿ ಮಣ್ಣಿನ ವಾಸನೆ ಮೂಗಿಗೆ ಬಡಿದದ್ದೇ ತಡ, ನಮ್ಮ ಪಿ.ಟಿ. ಟೀಚರ್ ನೆನಪಾದರು...

ಹಾಸ್ಟೆಲಿನಲ್ಲಿದ್ದು ನಾನು ಓದಿದ ಲಿಂಗಸುಗೂರಿನ ಹೈಸ್ಕೂಲಿನಲ್ಲಿ ನಮಗೆ ಕಬಡ್ಡಿ ಕಲಿಸಿದವರು ಅವರು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ತಾವೇ ಅಂಕಣಕ್ಕೆ ಇಳಿಯುತ್ತಿದ್ದರು. ಅವರ ಹಿಡಿತಕ್ಕೆ ಸಿಕ್ಕ ಕಾಲನ್ನು ಬಿಡಿಸಿಕೊಂಡವರಿಲ್ಲ. ಜ್ವರವೆಂದು ಅವರು ರಜೆ ಹಾಕಿದ್ದನ್ನು ನಾನಂತೂ ಕಾಣೆ. ನಾನು ಮದುವೆಯಾಗಿ ಸಿಂಧನೂರಿಗೆ ಬಂದ ಮೇಲೂ ಅವರ ಫೋನು ತಪ್ಪಲಿಲ್ಲ.

ಅಂಥವರಿಗೆ ಲಿವರಿನಲ್ಲಿ ಗಡ್ಡೆ ಎಂದರು. ಹೈದರಾಬಾದಿನ ಆಸ್ಪತ್ರೆಗೆ ಅವರ ಯಜಮಾನರ ಜೊತೆ ನಾನೂ ಹೋದೆ. ನನ್ನ ತವರು ತುರ್ವಿಹಾಳ. ಆಂಧ್ರದಿಂದ ಬಂದು ಅಲ್ಲಿ ನೆಲೆಸಿದವರ ಮಕ್ಕಳೊಡನೆ ತೆಲುಗಿನಲ್ಲೇ ಆಡಿ ಬೆಳೆದವಳು. ಹಾಗಾಗಿ ಡಾಕ್ಟರ ಮಾತನ್ನು ಕನ್ನಡದಲ್ಲಿ ತಿಳಿಸುವುದು ನನ್ನ ಪಾಲಿಗೆ ಬಂತು. ಲಿವರಿನ ಬಲಭಾಗವನ್ನೆಲ್ಲ ತೆಗೆಯಬೇಕು, ಆದರೆ ಎಡಕ್ಕೆ ಉಳಿಯುವುದು ತೀರ ಸಣ್ಣದು, ಅಷ್ಟರಲ್ಲಿ ದೇಹ ನಡೆಯದು ಎಂದರು. ಮೊದಲು ಬಲಭಾಗಕ್ಕೆ ಹೋಗುವ ರಕ್ತನಾಳ ಮುಚ್ಚುತ್ತಾರಂತೆ. ಆಗ ಎಡಭಾಗ ಬೆಳೆಯುತ್ತದಂತೆ. ಸಾಕಷ್ಟು ಬೆಳೆದರೆ ಮಾತ್ರ ಆಪರೇಷನ್.

"ಕೊಯ್ದ ಮ್ಯಾಲ ಬೆಳಿತೈತಿ ಅಂತ ಕೇಳಿದ್ದೆ. ಇವ್ರು ಕೊಯ್ಯಾಕ ಮೊದ್ಲ ಬೆಳಸ್ತಾರ ನೋಡು," ಎಂದು ಟೀಚರ್ ನಕ್ಕರು.

ನಾಳ ಮುಚ್ಚಿಸಿಕೊಂಡು ಊರಿಗೆ ಬಂದು ಕೆಲವು ವಾರ ಕಾದರು. ಮತ್ತೆ ಸ್ಕ್ಯಾನ್ ಮಾಡಿದಾಗ ಎಡಭಾಗ ಬೆಳೆದಿತ್ತು. ಬೇಕಾದ ಅಳತೆಯನ್ನು ಮುಟ್ಟಿದೆ, ಆದರೆ ಅಷ್ಟಕ್ಕಷ್ಟೇ ಎಂದರು ಡಾಕ್ಟರು. ಇನ್ನೂ ಕಾದರೆ ಗಡ್ಡೆ ಹಬ್ಬುವ ಭಯ.

"ಮುಟ್ಟೇತಿ ಅಂದ್ರ ಮುಟ್ಟೇತಿ. ಮಾಡ್ಸೂಣು," ಎಂದರು ಟೀಚರ್.

ಆಪರೇಷನ್ ಚೆನ್ನಾಗಿಯೇ ಆಯಿತು. ಗಡ್ಡೆ ಪೂರ್ತಿ ಹೊರಗೆ ಬಂತು. ಟೀಚರ್ ಎದ್ದು ಕೂತರು, ಗೋಡೆ ಹಿಡಿದು ನಡೆದರು, ಗಂಜಿ ಕುಡಿದರು. ಯಜಮಾನರು ನೆಂಟರಿಗೆಲ್ಲ ಫೋನು ಮಾಡಿದರು. ನಾನು ಊರಿಗೆ ಹೊರಡುವ ತಯಾರಿಯಲ್ಲಿದ್ದೆ.

ಆ ಬೆಳಿಗ್ಗೆ ಅವರ ತಲೆ ಬಾಚಲು ಕೂತಾಗ ಕಣ್ಣು ನೋಡಿದೆ. ಅರಿಷಿಣದಂತೆ ಹಳದಿ. ಬಾಚಣಿಗೆ ಕೂದಲಲ್ಲೇ ನಿಂತಿತು.

"ಗಂಟಿ ಹೊಡೀತೇನು? ಹುಡುಗ್ಯಾರನ್ನ ಗ್ರೌಂಡಿಗಿ ಕರಿ," ಎಂದರು.

"ಟೀಚರ್, ಇದು ದವಾಖಾನಿ ರೀ."

ನನ್ನ ಮುಖ ನೋಡಿದರು. ಗುರುತು ಹತ್ತಲಿಲ್ಲ...

ಉಳಿದ ಲಿವರಿಗೆ ಇಡೀ ದೇಹದ ಕೆಲಸ ಹೊರಲು ಆಗುತ್ತಿಲ್ಲ ಎಂದರು ಡಾಕ್ಟರು. ಅಳತೆ ಬಂದಿತ್ತು, ಕಸುವು ಬಂದಿರಲಿಲ್ಲ. ಪಕ್ಕದಲ್ಲಿ ಯಜಮಾನರು ನನ್ನ ಬಾಯಿಯನ್ನೇ ನೋಡುತ್ತಿದ್ದರು. ಆವರೆಗೆ ಸಲೀಸಾಗಿ ಬರುತ್ತಿದ್ದ ಕನ್ನಡ ನನಗೆ ಬರಲೇ ಇಲ್ಲ. ಟೀಚರ ಹೊಟ್ಟೆಯಲ್ಲಿ ನೀರು ತುಂಬಿತು, ಮಾತು ನಿಂತಿತು. ಆ ವಾರ ಮುಗಿಯುವುದರೊಳಗೆ ಟೀಚರ್ ಹೋಗಿಬಿಟ್ಟರು.

ಮೊನ್ನೆ ಪಂದ್ಯ ಮುಗಿದ ಮೇಲೆ ಮಗಳನ್ನು ಅವಳ ಶಾಲೆಯವರ ಜೊತೆ ಕಳಿಸಿ, ಲಿಂಗಸುಗೂರಿನ ಬಸ್ಸು ಹತ್ತಿದೆ. ಯಜಮಾನರು ಹೊರಗಿನ ಕಟ್ಟೆಯ ಮೇಲೆ ಕೂತಿದ್ದರು. ಒಳಗೆ ಹೋಗಿ ತಾವೇ ಚಹಾ ಮಾಡಿ ತಂದರು. ಲೋಟವನ್ನು ನನ್ನ ಕೈಗಿತ್ತು ಕೇಳಿದರು:

"ಗಡ್ಡಿ ಪೂರಾ ತೆಗ್ದಾರ ಅಂತ ನೀನ ಹೇಳಿದ್ದಿ ಅಲ್ಲ ತಂಗಿ... ಮತ್ತ ಆಕಿ ಯಾಕ ಹೋದ್ಲು?"

ಹೋದ ಸಲವೂ ಇದನ್ನೇ ಕೇಳಿದ್ದರು. ನಾನು ಲೋಟ ಕೆಳಗಿಟ್ಟು, ಮೊದಲಿನಿಂದ ಹೇಳತೊಡಗಿದೆ.